ಕೋಚಣ್ಣ ಅಜ್ಜನಿಗೆ ಕಿಟಕಿ ಬೆಳಕು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೊತೆ ಮೊಲದ ಕಿವಿ. ಮರುದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ರಮ. ಅದಕ್ಕೆ ಸ್ಟುಡಿಯೋದವರನ್ನು ಕರೆಸುತ್ತೇನೆ, ಅವರು ಮಗುವಿಗೆ ಉಲ್ಲನ್ನಿನ ಮೊಲದ ಕಿವಿ ಕಟ್ಟಿ ಬುಟ್ಟಿಯಲ್ಲಿ ಮಲಗಿಸಿ ಫೋಟೋ ತೆಗೆಯುತ್ತಾರೆ ಎಂದು ಹೆಂಡತಿ ಊರ್ಮಿಳಾಳ ತಮ್ಮ ಯತಿನ್ ಫೋನಿನಲ್ಲಿ ಹೇಳಿದ್ದೇ ತಡ, ಉದಯಶಂಕರನ ಪಿತ್ತ ನೆತ್ತಿಗೇರಿತು.

"ನನ್ನ ಮಗಳು ಎಂತ ಮೊಲವಾ? ಮನೆಯಲ್ಲಿ ಇಷ್ಟು ದೊಡ್ಡ ಕ್ಯಾಮರಾ ಇಟ್ಟುಕೊಂಡು ಹೊರಗಿನವರನ್ನು ಕರೆಯುದಾ? ಮನೆಯವರ ಫೋಟೋ ಅಂದ್ರೆ ಸಹಜವಾಗಿ ಇರ್ಬೇಕು. ಕಿಟಕಿಯ ಬೆಳಕಲ್ಲಿ!"

"ಆ ಕ್ಯಾಮರಾ ಬಂದ ಮೇಲೆ ಒಂದು ಫೋಟೋದಲ್ಲಾದ್ರೂ ನಾನು ಕಣ್ಣು ಬಿಟ್ಟದ್ದು ಉಂಟಾ ಮಾರಾಯ್ರೆ?" ಎಂದಳು ಊರ್ಮಿಳಾ. "ಇವತ್ತು ಒಂದೇ ಒಂದು ಸರಿ ಬರ್ಲಿ, ನಾಳೆಗೆ ನೀವೇ ತೆಗೀರಿ. ಇಲ್ಲದಿದ್ರೆ ಕ್ಯಾಮರಾ ಅಟ್ಟಕ್ಕೆ."

ಉದಯಶಂಕರ ಕುಂಬ್ರದ ಅಂಗಡಿಯೊಂದರಲ್ಲಿ ದಿನವಿಡೀ ನೀರಿನ ಪೈಪು ಮಾರುವವನು. ಊಟ ಮಾಡುವಾಗಲೂ ಕಿಟಕಿ ಬೆಳಕಿನ ವಿಡಿಯೋ ನೋಡಿ ನೋಡಿ ಸಾರು ಯಾವುದು, ನೀರು ಯಾವುದು ಎಂದು ಮರೆತವನು. ಅಂಥವನ ಕ್ಯಾಮರಾ ಅಟ್ಟಕ್ಕೆ ಹೋಗುವುದೆಂದರೇನು? ಆವತ್ತು ಅಂಗಡಿಗೆ ರಜೆ ಹಾಕಿಯೇಬಿಟ್ಟ.

ಅವನ ಯೋಜನೆ ಸರಳವಾಗಿತ್ತು. ಅವನ ಅಜ್ಜ ಕೋಚಣ್ಣ ರೈಗಳು ಕ್ಯಾಮರಾ ಕಂಡರೆ ಸಾಕು, ಉಸಿರು ಬಿಗಿಹಿಡಿದು ಕಣ್ಣುಗುಡ್ಡೆ ಹೊರಗೆ ಬರುವಂತೆ ನೋಡುತ್ತಿದ್ದರು. ಆದ್ದರಿಂದ ಅಜ್ಜ ನಿದ್ದೆಯಲ್ಲಿರಬೇಕು, ಪಕ್ಕದಲ್ಲಿ ಮಗುವೂ ಮಲಗಿರಬೇಕು, ಕಿಟಕಿಯ ಬೆಳಕು ಇಬ್ಬರ ಮುಖದ ಮೇಲೂ ಮೆಲ್ಲಗೆ ಬೀಳಬೇಕು. ಆಹಾ!

ಚಾವಡಿಯ ಸೋಫಾ, ಟೀಪಾಯಿ, ಟಿವಿ ಸ್ಟ್ಯಾಂಡು ಎಲ್ಲವನ್ನೂ ಎತ್ತಿ ಅಂಗಳಕ್ಕೆ ಹಾಕಿದ. ಕಿಟಕಿ ಇದ್ದದ್ದು ತೆಂಕು ಗೋಡೆಯಲ್ಲಿ. ಅದರ ಬುಡದಲ್ಲಿ ಚಾಪೆ ಹಾಸಿ, ಅಜ್ಜನನ್ನು ತೆಂಕಿಗೆ ತಲೆ ಮಾಡಿ ಮಲಗಿಸಿದ.

"ತೆಂಕಿಗೆ ತಲೆ ಹಾಕಿ ಮಲಗಿಸುದು ಸತ್ತವರನ್ನು ಅಂತ ಗೊತ್ತುಂಟಲ್ಲ ಮಗ?" ಎಂದರು ಅಜ್ಜ.

"ಬೆಳಕು ಅಲ್ಲಿಂದ ಬರುದಲ್ವಾ ಅಜ್ಜ? ಸ್ವಲ್ಪ ಹೊತ್ತು."

ಬಿಸಿಲು ಖಾರವಾಯಿತೆಂದು ಕಿಟಕಿಗೆ ಬಿಳಿ ಪಂಚೆ ಕಟ್ಟಿದ. ಮುಖಕ್ಕೆ ಬೆಳಕು ಚಿಮ್ಮಲೆಂದು ಅಜ್ಜನ ಕುತ್ತಿಗೆಯವರೆಗೆ ಬಿಳಿ ಬೆಡ್‌ಶೀಟ್ ಹೊದೆಸಿದ. "ಕ್ಯಾಮರಾ ನೋಡ್ಬೇಡ, ನಗಬೇಡ" ಎಂದು ಹೆಂಡತಿಯನ್ನು ತಲೆ ತಗ್ಗಿಸಿ ಪಕ್ಕದಲ್ಲಿ ಕೂರಿಸಿದ. ಫೋನುಗಳನ್ನೆಲ್ಲ ಸೈಲೆಂಟ್ ಮಾಡಿದ. ಅಜ್ಜನೂ ಮಗುವೂ ನಿದ್ದೆಗೆ ಜಾರಿದರು.

ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಕುಕ್ಕಪ್ಪ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾವ ಸುದ್ದಿಯನ್ನೂ ಅವನಿಗಿಂತ ಮೊದಲು ಹಾಕಿದವರಿಲ್ಲ. ಅಂಗಳದಲ್ಲಿ ಸೋಫಾ ಯಾಕೆ ಎಂದು ವಿಚಾರಿಸಲು ಬಂದವನು ಒಳಗೆ ನೋಡಿ ಕಲ್ಲಾಗಿ ನಿಂತ. ಅಜ್ಜನ ಕಡೆ ಕೈ ತೋರಿಸಿ 'ಏನು?' ಎಂದು ಸನ್ನೆ ಮಾಡಿದ. ಉದಯಶಂಕರ ತುಟಿಗೆ ಬೆರಳಿಟ್ಟು, ಕಣ್ಣು ಮುಚ್ಚಿ, ಈಗ ಬೇಡ ಎಂಬಂತೆ ತಲೆಯಾಡಿಸಿದ. ಕುಕ್ಕಪ್ಪ ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಸ್ವಲ್ಪ ಹೊತ್ತು ನಿಂತು, ಕೈಮುಗಿದು ಹೋದ.

"ಎಷ್ಟು ಮರ್ಯಾದೆಯ ಜನ ನೋಡು!" ಎಂದು ಪಿಸುಗುಟ್ಟಿ ಉದಯಶಂಕರ ಬಾಗಿಲಿಗೆ ಚಿಲಕ ಹಾಕಿದ. ಮತ್ತೆ ಕ್ಯಾಮರಾದ ತಿರುಗಣೆಗಳನ್ನು ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಬೆಡ್‌ಶೀಟಿನ ಸುಕ್ಕು ತೆಗೆದ. ಎಲ್ಲ ಸರಿಯಾಯಿತು ಎಂದು ಕಣ್ಣಿಟ್ಟರೆ ಕೋಣೆ ಕತ್ತಲೆ!

"ಮೋಡ ಬಂತು" ಎಂದ.

ಬಂದದ್ದು ಮೋಡವಲ್ಲ, ಸಾಹುಲ್ ಹಮೀದರ ಶಾಮಿಯಾನ. ಶಾಮಿಯಾನ ಬಾಡಿಗೆಗೆ ಕೊಡುವ ಅವರು, ಕುಕ್ಕಪ್ಪ ಗುಂಪಿಗೆ ಹಾಕಿದ ಸುದ್ದಿ ಓದಿದೊಡನೆ ಕರೆಯಲು ಕಾಯದೆ ಅಂಗಳಕ್ಕೆಲ್ಲ ನೀಲಿ ಟಾರ್ಪಾಲು ಎಳೆದು ಕುರ್ಚಿ ಹಾಕಿಸಿದ್ದರು. ಕಡಬದಿಂದ ನೆಂಟರ ಜೀಪು ಬಂತು, ಸವಣೂರಿನಿಂದ ಇನ್ನೊಂದು. ಸಾವಿನ ಮನೆಯೆಂದು ಯಾರೂ ದನಿ ಎತ್ತಲಿಲ್ಲ. ಬಾಗಿಲು ಹಾಕಿದ್ದು ಕಂಡು, "ಸ್ನಾನ ಮಾಡಿಸ್ತಾ ಇರ್ಬೇಕು ಪಾಪ" ಎಂದುಕೊಂಡು ಕಾದರು. ಒಳಗೆ ಉದಯಶಂಕರ ಕತ್ತಲೆಯಲ್ಲೇ ಟಕ್ ಟಕ್ ಎಂದು ಒತ್ತುತ್ತಿದ್ದ.

ಸಾವಾದರೆ ಚಿತೆಯ ಸೌದೆಗೆಂದು ಮಾವಿನ ಮರಕ್ಕೆ ಕೊಡಲಿ ಬೀಳುವುದು ಈ ಕಡೆಯ ಪದ್ಧತಿ. ಕೆಲಸದ ಶ್ಯಾಮ ಅಂಗಳದ ಮೂಲೆಯ ಕಾಟುಮಾವಿನ ಮರಕ್ಕೆ ಒಂದು ಏಟು ಹಾಕಿದ. ಎರಡನೆಯ ಏಟಿಗೆ ಅಜ್ಜನ ಕಣ್ಣು ತೆರೆಯಿತು.

"ಯಾರಾ ಅದು ನನ್ನ ಮರಕ್ಕೆ ಕೈ ಹಾಕಿದ್ದು?"

ಬಿಳಿ ಬೆಡ್‌ಶೀಟ್ ಎಳೆದುಕೊಂಡೇ ಅಜ್ಜ ಚಿಲಕ ತೆಗೆದು ಅಂಗಳಕ್ಕೆ ಜಿಗಿದರು. ಅಯ್ಯಯ್ಯೋ! ಶ್ಯಾಮ ಕೊಡಲಿ ಬಿಸಾಡಿ ಗೋಡೆ ಹಾರಿದ. ಸಾಹುಲ್ ಹಮೀದ್ ಕುರ್ಚಿ ಸಮೇತ ಹಿಂದಕ್ಕೆ ಮಗುಚಿದರು. ನೆಂಟರು ಯಾವ ಜೀಪು ಯಾರದ್ದೆಂದು ನೋಡದೆ ಸಿಕ್ಕಿದ್ದಕ್ಕೆ ಹತ್ತಿದರು.

ಎಲ್ಲ ತಿಳಿಯಾಗಲು ಬಹಳ ಹೊತ್ತು ಹಿಡಿಯಿತು. ಅಜ್ಜ ಮಾತ್ರ ಕುರ್ಚಿಗಳ ನಡುವೆ ಕೂತು ಸುತ್ತ ನೋಡಿ ಖುಷಿಪಟ್ಟರು. "ಪರ್ವಾಗಿಲ್ಲ ಮಾರಾಯ್ರೆ, ನನಗೂ ಜನ ಉಂಟು!"

ಬಂದವರಿಗೆಲ್ಲ ಚಾ ಕೊಟ್ಟು ಸೋತ ಊರ್ಮಿಳಾ ಗಂಡನತ್ತ ಕೈ ಚಾಚಿದಳು. "ಎಲ್ಲಿ, ತೋರಿಸಿ." ಕ್ಯಾಮರಾದಲ್ಲಿ ಕಪ್ಪು, ಇನ್ನೂ ಕಪ್ಪು, ಕಡೆಗೆ ಹಾರುತ್ತಿರುವ ಒಂದು ಬೆಡ್‌ಶೀಟ್. ಸೂರ್ಯನೋ ಮನೆಯ ಇನ್ನೊಂದು ಬದಿಗೆ ಹೋಗಿ ಆಗಿತ್ತು. ಉದಯಶಂಕರ ಅಟ್ಟದ ಕಡೆ ನೋಡಿದ.

ಆಗ ಅವಳು ತನ್ನ ಫೋನು ನೋಡಿ, "ಅಬ್ಬ!" ಎಂದಳು.

ಕುಕ್ಕಪ್ಪ ಗುಂಪಿಗೆ ಹಾಕಿದ ಫೋಟೋ. ಪಂಚೆಯಿಂದ ಸೋಸಿದ ಬೆಳಕು ಅಜ್ಜನ ಹಣೆಯ ಮೇಲೆ ಹಾಲಿನಂತೆ ಹರಿದಿದೆ. ಮಗುವಿನ ಮುಷ್ಟಿ ಅಜ್ಜನ ಮೀಸೆ ಹಿಡಿದಿದೆ. ತಲೆ ತಗ್ಗಿಸಿ ಕೂತ ಊರ್ಮಿಳಾಳ ಕೆನ್ನೆಯಲ್ಲಿ ಎಂಥ ಕಾಂತಿ! ಮೂಲೆಯಲ್ಲಿ ಮಸುಕಾಗಿ ಉದಯಶಂಕರನ ಬೆನ್ನು. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಮತ್ತು ತಾರೀಕು.

"ಬಾಗಿಲಲ್ಲಿ ನಿಂತು ಒಂದು ತೆಗೆದದ್ದು, ಸುಮ್ಮನೆ" ಎಂದ ಕುಕ್ಕಪ್ಪ ನಾಚಿ.

"ನಾಳೆಗೆ ಯತಿನ್‌ನ ಸ್ಟುಡಿಯೋದವರು ಬೇಡ" ಎಂದಳು ಊರ್ಮಿಳಾ. ಉದಯಶಂಕರನ ಜೀವ ಮರಳಿತು. "ಕುಕ್ಕಪ್ಪಣ್ಣ, ನೀವೇ ಬನ್ನಿ. ಇವರ ಕ್ಯಾಮರಾವನ್ನೇ ಹಿಡ್ಕೊಳ್ಳಿ."

"ಆ ಬೆಳಕು ಮಾಡಿದ್ದು ನಾನು!" ಎಂದು ಉದಯಶಂಕರ ಅರಚಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಜ್ಜ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದನ್ನೇ ದೊಡ್ಡದು ಮಾಡಿಸು ಮಗ. ಅಕ್ಷರ ಹಾಗೇ ಇರ್ಲಿ, ತಾರೀಕು ಮಾತ್ರ ಅಳಿಸು. ನಾನು ನಿಜವಾಗಿ ಹೋದ ದಿನ ನೀನು ಪುನಃ ಕ್ಯಾಮರಾ ಹಿಡ್ಕೊಂಡು ಬರುದು ಬೇಡ."