ಡೀಸೆಲ್ಲಿಗೆ ತರ್ಕ ಜಾಸ್ತಿ

ನನ್ನ ಸೋದರಮಾವ ಹೆಂಡತಿಯನ್ನು ಆರಿಸಲು ತೆಗೆದುಕೊಂಡ ಸಮಯ ಅರ್ಧ ಲೋಟ ಕಾಫಿಯಷ್ಟು. ಹಾಗೆಂದು ನಮ್ಮಮ್ಮ ಹೇಳುತ್ತಿದ್ದಳು. ಉಳಿದರ್ಧ ಆರಿ ತಣ್ಣಗಾಗುವುದರೊಳಗೆ "ಆಗಬಹುದು" ಅಂದುಬಿಟ್ಟಿದ್ದರಂತೆ. ಅದೇ ಮನುಷ್ಯ ತಮ್ಮ ಲಾರಿಗೆ ಇಂಜಿನ್ ಆರಿಸಲು ಎರಡು ವರ್ಷ ತೆಗೆದುಕೊಂಡರು. ಹೋಗಲಿ, ಮುಂದಿದ್ದ ಇಂಜಿನ್ನುಗಳಾದರೂ ಎಷ್ಟು? ಎರಡೇ. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲಿನದು!

ಎರಡು ವರ್ಷವೋ, ಒಂದೂವರೆಯೋ. ಕಥೆ ಹೇಳುವಾಗ ನನ್ನ ನೆನಪು ಅಂಕಿಗಳಿಗೆ ಸ್ವಲ್ಪ ಗಾಳಿ ತುಂಬುತ್ತದೆ. ಓದುವವರು ಅಲ್ಲಲ್ಲಿ ಗಾಳಿ ಬಿಟ್ಟುಕೊಂಡು ಓದಬೇಕು.

ಆಗ ನಾನು ಅರಸೀಕೆರೆಯ ಶಾಲೆಗೆ ಹೊಸದಾಗಿ ಮೇಷ್ಟ್ರಾಗಿ ಬಂದು ಮಾವನ ಮನೆಯಲ್ಲೇ ಬಿಡಾರ ಮಾಡಿದ್ದೆ. ಮಾವ ಬೇಲೂರಿನ ಕಡೆ ದೇವಸ್ಥಾನದ ಸೇವೆಯ ಮನೆತನದವರು. ಹುಡುಗರಾಗಿದ್ದಾಗ ಸಂಸ್ಕೃತ, ತರ್ಕಶಾಸ್ತ್ರ ಕಲಿಯಲು ಕೂರಿಸಿದರೆ ತಪ್ಪಿಸಿಕೊಂಡು ಹೋಗಿ, ಯುದ್ಧಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಅಂಥದೇ ಒಂದು ಲಾರಿ ಹಿಡಿದುಕೊಂಡು ಊರಿಗೆ ಬಂದಿದ್ದರು. ಅದರ ಬೆನ್ನಿಗೆ ಕ್ರೇನು ಕೂರಿಸಿ ಬ್ರೇಕ್‌ಡೌನ್ ಲಾರಿ ಮಾಡಿದರು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿನವರೆಗೆ ಯಾವ ಬಸ್ಸು ಚರಂಡಿಗೆ ಇಳಿಯಲಿ, ಯಾವ ಲಾರಿ ಮಗುಚಲಿ, ಕರೆ ಬರುತ್ತಿದ್ದುದು ಮಾವನಿಗೆ. ಅವರ ಹಣೆಯಲ್ಲಿ ನಾಮವೂ ಇರುತ್ತಿತ್ತು, ಗ್ರೀಸೂ ಇರುತ್ತಿತ್ತು. ಯಾವುದು ಯಾವುದೆಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ.

ಆ ಲಾರಿಯ ಪೆಟ್ರೋಲ್ ಇಂಜಿನ್ನಿನ ಮೇಲೆ ಮಾವನಿಗೆ ವಿಪರೀತ ಅಭಿಮಾನ. ಇಂಜಿನ್ ಓಡುತ್ತಿರುವಾಗಲೇ ಬಾನೆಟ್ಟಿನ ಮೇಲೆ ಹಿತ್ತಾಳೆಯ ಚೊಂಬಿಟ್ಟು ಕಂಠದವರೆಗೆ ನೀರು ತುಂಬಿಸುತ್ತಿದ್ದರು.

"ನೋಡಿ, ತುಳುಕುತ್ತಾ? ಇದು ಇಂಜಿನ್ನಲ್ಲ, ಧ್ಯಾನ."

ನಿಜಕ್ಕೂ ತುಳುಕುತ್ತಿರಲಿಲ್ಲ. ಚೊಂಬು ಮಾತ್ರ ಅತ್ತೆಯದು. ಅಡುಗೆಮನೆಯಲ್ಲಿ ಇರಬೇಕಾದದ್ದು ಯಾವಾಗಲೂ ಲಾರಿಯಲ್ಲಿರುತ್ತಿತ್ತು. "ಆ ಚೊಂಬನ್ನ ಮನೇಗೆ ತಂದಿಡ್ತೀರೋ ಇಲ್ವೋ" ಎಂದು ಅತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು.

ಕೊನೆಗೆ ಧ್ಯಾನಕ್ಕೂ ವಯಸ್ಸಾಯಿತು. ಇಂಜಿನ್ ಹೊಗೆ ಕಕ್ಕತೊಡಗಿತು, ಏರು ಬಂದರೆ ಏದುಸಿರು ಬಿಡತೊಡಗಿತು. ಬದಲಾಯಿಸದಿದ್ದರೆ ಮಾವನ ಕಸುಬೇ ನಿಲ್ಲುವ ಹಾಗಿತ್ತು. ಮೆಕ್ಯಾನಿಕ್ ಬಾಷಾ ತನ್ನ ಶೆಡ್ಡಿನಲ್ಲಿ ಎರಡು ಇಂಜಿನ್ ತಂದಿಟ್ಟುಕೊಂಡು ನಮ್ಮನ್ನು ಕರೆದ. ಟಾರ್ಪಾಲು ಸರಿಸಿ, ಹೆಣ್ಣು ತೋರಿಸುವವನ ಹಾಗೆ ಪಕ್ಕಕ್ಕೆ ನಿಂತ.

"ಇದು ನಿಮ್ ಹಳೇದ್ರ ತಂಗೀನೇ ಸ್ವಾಮಿ, ಪೆಟ್ರೋಲು. ಅದು ಡೀಸಲು. ಆದ್ರೆ ಎಳೆಯೋ ಕೆಲ್ಸಕ್ಕೆ ಡೀಸಲ್ಲೇ ಸರಿ. ಡೀಸಲ್‌ಗೆ ಟಾರ್ಕು ಜಾಸ್ತಿ ಐತೆ."

ಮಾವ ತಲೆಯೆತ್ತಿದರು. "ಏನು ಜಾಸ್ತಿ ಇದೆ?"

"ಟಾರ್ಕು."

"ತರ್ಕವೇ? ಇಂಜಿನ್ನಿಗೆ?"

"ಹೂಂ ಸ್ವಾಮಿ. ಅದೇ ಮುಖ್ಯ. ಅದಿಲ್ದಿದ್ರೆ ಬಸ್ಸು ಮೇಲಕ್ಕೆ ಏಳಾಕಿಲ್ಲ."

ಮಾವನ ಮುಖದಲ್ಲಿ ಒಂದು ಬೆಳಕು ಹಾಯಿತು. ಬಾಲ್ಯದಲ್ಲಿ ಯಾವ ಶಾಸ್ತ್ರದಿಂದ ತಪ್ಪಿಸಿಕೊಂಡು ಓಡಿದ್ದರೋ ಅದು ಡೀಸೆಲ್ ಇಂಜಿನ್ನಿನೊಳಗೆ ಕೂತು ಕಾಯುತ್ತಿದೆ! ಟಾರ್ಕ್ ಅನ್ನುವುದು ಎಳೆಯುವ ಬಲಕ್ಕೆ ಇಂಗ್ಲಿಷಿನವರು ಇಟ್ಟ ಹೆಸರು ಎಂದು ನಾನು ಇಂಜಿನ್ನಿನ ಪುಸ್ತಕ ತೆರೆದು ತೋರಿಸಿದೆ. ಮಾವ ಒಪ್ಪಲಿಲ್ಲ.

"ನಮ್ಮಿಂದ ಹೋದ ಶಬ್ದ ಕಣೋ ಅದು. ಉಚ್ಚಾರಣೆ ಕೆಟ್ಟಿದೆ ಅಷ್ಟೆ."

ಅಂದಿನಿಂದ ಅವರಿಗೆ ಎರಡು ಇಂಜಿನ್ನುಗಳು ಎರಡು ಪಂಥಗಳಾದವು. ಪೆಟ್ರೋಲಿನದು ಸೌಮ್ಯ, ಸದ್ದಿಲ್ಲದೆ ಭಕ್ತಿಯಿಂದ ಎಳೆಯುತ್ತದೆ. ಡೀಸೆಲಿನದು ವಾದ ಮಾಡುತ್ತದೆ, ಅದಕ್ಕೇ ಅಷ್ಟು ಗದ್ದಲ. ಹೋಟೆಲಿನಲ್ಲಿ ಕೂತು ಇದನ್ನು ಅವರು ವಿವರಿಸುತ್ತಿದ್ದರೆ, ದೋಸೆಗೆ ಬಂದವರು ಶಾಸ್ತ್ರ ಕೇಳಿ ಎದ್ದು ಹೋಗುತ್ತಿದ್ದರು.

ತೀರ್ಮಾನವಾಗದೆ ದೇವರನ್ನೇ ಕೇಳುವುದೆಂದಾಯಿತು. ಅವರ ಮನೆತನದಲ್ಲಿ ಹೂಪ್ರಸಾದ ಕೇಳುವ ಪದ್ಧತಿ. ವಿಗ್ರಹದ ಮುಡಿಯಿಂದ ಹೂ ಬಲಕ್ಕೆ ಬಿದ್ದರೆ ಒಂದು ಉತ್ತರ, ಎಡಕ್ಕೆ ಬಿದ್ದರೆ ಇನ್ನೊಂದು. ಬಲಕ್ಕೆ ಪೆಟ್ರೋಲು, ಎಡಕ್ಕೆ ಡೀಸೆಲು ಎಂದು ಸಂಕಲ್ಪ ಮಾಡಿ ಬೇಲೂರಿನ ಹಳೆಯ ಮನೆಯಲ್ಲಿ ಕಣ್ಣು ಮಿಟುಕಿಸದೆ ಕೂತೆವು. ಕಾಲು ಜೋಮು ಹಿಡಿದ ಮೇಲೆ ಹೂ ಬಿತ್ತು. ನೇರ ಮುಂದಕ್ಕೆ!

"ಮುಂದಕ್ಕೆ ಬಿದ್ದರೆ ಏನು ಮಾವ?"

ಮಾವ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಒಲೆ ಕಟ್ಟಿ, ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಓಡಿಸುತ್ತಿದ್ದುದನ್ನು ಹಳಬರೆಲ್ಲ ಬಲ್ಲರು.

"ಇದ್ದಿಲ ಗ್ಯಾಸು ಅಂತಿದಾನೆ. ಯುದ್ಧ ಮುಗಿದ ಸುದ್ದಿ ಅವನಿಗಿನ್ನೂ ತಲುಪಿಲ್ಲ ಕಣೋ."

ಇಷ್ಟು ನಗಿಸಿದ ಮೇಲೆ ಮನೆಯ ವಿಷಯ ಹೇಳಬೇಕು. ಅತ್ತೆಗೆ ಕಿವಿ ಕೇಳುತ್ತಿರಲಿಲ್ಲ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ ಒಂದು ದೊಡ್ಡ ಜ್ವರ ಬಂದು ಹೋಗುವಾಗ ಎರಡೂ ಕಿವಿ ತೆಗೆದುಕೊಂಡು ಹೋಯಿತಂತೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದರು. ತೊಂದರೆಯಿದ್ದುದು ಬೀದಿಬಾಗಿಲಿನದು. ತೆರೆದಿಟ್ಟರೆ ಮೇಕೆಗಳು ನುಗ್ಗುತ್ತವೆಂದು ಅತ್ತೆ ಚಿಲಕ ಹಾಕಿಕೊಂಡು ಹಿಂದಿನ ಅಡುಗೆಮನೆಯಲ್ಲಿರುತ್ತಿದ್ದರು. ಮಧ್ಯಾಹ್ನ ಮಾವ ಬಂದು ಹಾರ್ನ್ ಹೊಡೆದರೆ ಬೀದಿಯ ಬಾಗಿಲುಗಳೆಲ್ಲ ತೆರೆಯುತ್ತಿದ್ದವು, ಅವರ ಮನೆಯದೊಂದು ಬಿಟ್ಟು.

ಒಂದು ಸಲ ಮಾವ ಒಂದು ಯಂತ್ರ ಕಟ್ಟಿದರು. ಬೀದಿಯಿಂದ ಹಗ್ಗ ಎಳೆದರೆ ಅಡುಗೆಮನೆಯಲ್ಲಿ ಅತ್ತೆಯ ಕಣ್ಣೆದುರು ಒಂದು ಟವೆಲು ಮೇಲೆ ಕೆಳಗೆ ಆಡಬೇಕು. ಆಡಿತು. ಹಗ್ಗದ ತುದಿ ಮೇಕೆಗೆ ರುಚಿಸಿತ್ತು. ಅತ್ತೆ ಒಂದೇ ಬೆಳಿಗ್ಗೆ ಐದು ಸಲ ಬಾಗಿಲು ತೆರೆದು ಮೇಕೆಯನ್ನು ಬರಮಾಡಿಕೊಂಡರು.

ಹಾಗಾಗಿ ಮಾವ ಪಕ್ಕದ ಮನೆಯವರ ಕೊಟ್ಟಿಗೆ ಹಾದು, ಗೋಡೆ ಹತ್ತಿಳಿದು, ಅಡುಗೆಮನೆಯ ಕಿಟಕಿಯ ಹೊರಗೆ ಬಂದು ನಿಲ್ಲುತ್ತಿದ್ದರು. ಒಳಗೆ ಹೋಗುತ್ತಿರಲಿಲ್ಲ, ಸುಮ್ಮನೆ ನಿಂತಿರುತ್ತಿದ್ದರು. ಪಲ್ಯ ಯಾವುದೆಂದು ನೋಡಿ ಆಮೇಲೆ ಊಟಕ್ಕೆ ಬರುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆಂದು ನಾನು ಶಾಲೆಯಲ್ಲಿ ಹೇಳಿಕೊಂಡು ನಗುತ್ತಿದ್ದೆ. ಒಂದು ದಿನ ಅತ್ತೆಯ ಮುಂಗೈಯ ಸುಟ್ಟ ಕಲೆ ಕಂಡು ಕೇಳಿದೆ.

"ಒಂದ್ಸಲ ನಿಮ್ಮಾವ ಹಿಂದಿನಿಂದ ಬಂದು ಹೆಗಲು ಮುಟ್ಟಿದ್ರು. ಬೆಚ್ಚಿಬಿದ್ದೆ. ಕೈಲಿ ಸಾರಿನ ಪಾತ್ರೆ ಇತ್ತು" ಎಂದರು ಅತ್ತೆ. "ಆವತ್ತಿಂದ ನಾನಾಗೇ ತಿರುಗಿ ನೋಡೋವರೆಗೂ ಕಿಟಕೀಲೇ ನಿಂತಿರ್ತಾರೆ. ಎಷ್ಟೋ ಸಲ ನಾನು ತಿರುಗೋದೇ ಇಲ್ಲ. ಪಾಪ, ಹಸಿದು ಬಂದಿರ್ತಾರೆ."

ನಾನು ಶಾಲೆಯಲ್ಲಿ ಆ ನಗೆಯನ್ನು ಮತ್ತೆ ನಗಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ನಕ್ಕಿರಬಹುದು.

ಇತ್ತ ಬಾಷಾನ ತಾಳ್ಮೆ ಮುಗಿಯಿತು. "ಡೀಸಲ್ ಇಂಜಿನ್ನು ತಿಪಟೂರಿನೋರು ಕೇಳ್ತಾವ್ರೆ ಸ್ವಾಮಿ. ನಾಳೆ ಬಂದು ಎತ್ಕೊಂಡು ಹೋಗ್ತಾರೆ. ಇವತ್ತು ಪೈಸಲ್ ಆಗ್ಲಿ."

ಪೈಸಲ್ ಮಾಡುವ ದಾರಿಯನ್ನು ಮಾವನೇ ಸೂಚಿಸಿದರು. ಕಣಕಟ್ಟೆಯ ತೆಂಗಿನಕಾಯಿ ವ್ಯಾಪಾರಿಯ ಲಾರಿಗೆ ಅಂಥದೇ ಡೀಸೆಲ್ ಇಂಜಿನ್ ಇತ್ತು. ಅವರನ್ನು ಕೇಳಿಕೊಂಡು ಆ ಲಾರಿಯನ್ನು ಬಾಷಾ ತಂದ. ಹಳೇಬೀಡಿನಿಂದ ಬಸ್ತಿಹಳ್ಳಿಗೆ ಹೋಗುವ ಕಡೆಯ ಬಯಲಿನಲ್ಲಿ ಎರಡು ಲಾರಿಗಳನ್ನೂ ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಸರಪಳಿ ಬಿಗಿದರು. ಶಿಲ್ಪ ನೋಡಲು ಬಂದಿದ್ದವರು ಶಿಲ್ಪಕ್ಕೆ ಬೆನ್ನು ಹಾಕಿ ನಿಂತರು. ಮಾವನ ಲಾರಿ ಮಣ್ಣು ಚಿಮ್ಮಿಸಿತು. ಬಾಷಾನದು ಗುಡುಗಿತು. ಮಾವನ ಲಾರಿ ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದೆ ಅನ್ನುವಾಗ ಸರಪಳಿ ತುಂಡಾಗಿ ಎರಡೂ ಮುಂದಕ್ಕೆ ಹಾರಿದವು.

"ಒಂದು ಮಾರು ಎಳೆದಿದ್ದೆ ಸ್ವಾಮಿ."

"ಮೊಳ. ಅದೂ ಸರಪಳಿ ಸಡಿಲ ಇದ್ದದ್ದು. ಸೋತೋನು ಕಮ್ಮಾರ ಕಣಯ್ಯ, ನಾನಲ್ಲ."

ವಾಪಸು ಬರುವಾಗ ಜಾವಗಲ್ಲಿನ ಹತ್ತಿರ ಮಾವನ ಇಂಜಿನ್ ಕುದಿದು, ಕೆಮ್ಮಿ, ನಿಂತೇಹೋಯಿತು. ಬಾಷಾ ಸರಪಳಿಗೆ ಬೋಲ್ಟು ಹಾಕಿ ಜೋಡಿಸಿದ. ಬ್ರೇಕ್‌ಡೌನ್ ಲಾರಿಯನ್ನೇ ಎಳೆದುಕೊಂಡು ಹೊರಟೆವು! ಊರು ಹತ್ತಿರವಾದಾಗ ಮಾವ ಲಾರಿ ನಿಲ್ಲಿಸಲು ಹೇಳಿ ಕ್ರೇನಿಗೆ ಟಾರ್ಪಾಲು ಹೊದಿಸಿದರು, ಯಾರಿಗೂ ಗುರುತು ಸಿಗದಿರಲೆಂದು.

"ಈಗಾದ್ರೂ ಹೇಳಿ ಸ್ವಾಮಿ."

"ಸುಸ್ತಾಗೋದು ಬೇರೆ, ವಾದದಲ್ಲಿ ಸೋಲೋದು ಬೇರೆ. ನಾನು ಪೆಟ್ರೋಲೇ."

ಮನೆಯ ಮುಂದೆ ಬಾಷಾ ನಿಲ್ಲಿಸಿದ. ಡೀಸೆಲ್ ಇಂಜಿನ್ ಇನ್ನೂ ಓಡುತ್ತಿತ್ತು, ಜಗುಲಿಯ ಕಲ್ಲು ಕಾಲಡಿಯಲ್ಲಿ ಜುಮ್ಮೆನ್ನುತ್ತಿತ್ತು. ಮಾವ ಇಳಿದು ಪಂಚೆ ಎತ್ತಿಕಟ್ಟಿ ಕೊಟ್ಟಿಗೆಯ ಕಡೆ ಹೊರಟರು. ಅಷ್ಟರಲ್ಲಿ ಚಿಲಕ ಸರಿದು ಬೀದಿಬಾಗಿಲು ತೆರೆಯಿತು. ಅತ್ತೆ ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದರು. ಅದನ್ನು ಅಂದು ಬೆಳಿಗ್ಗೆ ಲಾರಿಯಿಂದ ಕೊನೆಗೂ ಒಳಗೆ ಒಯ್ದಿದ್ದರು.

"ಯಾರ್ರೀ ಬಂದಿರೋದು? ಕಟ್ಟೆ ಮೇಲಿಟ್ಟಿದ್ದ ಚೊಂಬಿನ ನೀರು ಕುಣೀತಿದೆ."

ಮಾವ ಎತ್ತಿಕಟ್ಟಿದ ಪಂಚೆಯಲ್ಲೇ ನಿಂತರು. ಅತ್ತೆಯನ್ನು ನೋಡಿದರು, ಚೊಂಬನ್ನು ನೋಡಿದರು. ಆಮೇಲೆ ತಿರುಗದೆಯೇ ಹೇಳಿದರು.

"ಬಾಷಾ, ಡೀಸೆಲ್ಲೇ ಕೂರಿಸು."

"ಯಾಕ್ ಸ್ವಾಮಿ, ಏನಾಯ್ತು?"

"ತರ್ಕ ಜಾಸ್ತಿ ಕಣಯ್ಯ."

ಇಲ್ಲಿಗೆ ನಿಲ್ಲಿಸಿದರೆ ಬಹಳ ಚೆನ್ನಾಗಿ ಕೂರುತ್ತದೆ, ಅದಕ್ಕೇ ನನಗೆ ಅನುಮಾನ. ಅತ್ತೆ ಚೊಂಬು ಹಿಡಿದುಕೊಂಡೇ ಬಂದಿದ್ದರೇ? ಮಾವನಿಗೆ ಸೋಲು ಒಪ್ಪಿಕೊಳ್ಳಲು ಒಂದು ನೆಪ ಬೇಕಾಗಿತ್ತು ಎನ್ನುತ್ತಿದ್ದ ಬಾಷಾ. ಅದೂ ಇರಬಹುದು. ನಾನು ಆಣೆ ಮಾಡಿ ಹೇಳಬಲ್ಲದ್ದು ಇನ್ನೊಂದೇ ಒಂದು ಮಧ್ಯಾಹ್ನ, ಅದಾಗಿ ಕೆಲವು ತಿಂಗಳ ಮೇಲಿನದು.

ಶಾಲೆಗೆ ರಜೆಯಿತ್ತು. ನಾನು ಹಿತ್ತಿಲಿಂದ ಅಡುಗೆಮನೆಗೆ ಬಂದೆ. ಅತ್ತೆ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದರು. ಎದುರಿನ ಕಟ್ಟೆಯ ಮೇಲೆ ಅದೇ ಚೊಂಬು, ಕಂಠದವರೆಗೆ ನೀರು.

ನನ್ನನ್ನು ಕಂಡು ಅವರು ಕೈಯೆತ್ತಿ ತಡೆದರು. "ಮೆತ್ತಗೆ ನಡಿಯೋ. ನೀರು ಅಲ್ಲಾಡತ್ತೆ."

ನಾನು ಹೊಸ್ತಿಲಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ನೀರಿನ ನಡುವೆ ಒಂದು ಸಣ್ಣ ಬಳೆ ಮೂಡಿತು, ಆಮೇಲೆ ಇನ್ನೊಂದು. ಅತ್ತೆ ಚಾಕು ಕೆಳಗಿಟ್ಟು, ಸೆರಗಿಗೆ ಕೈಯೊರೆಸಿಕೊಂಡು, ತಲೆಗೂದಲು ನೇವರಿಸಿಕೊಂಡು ಬೀದಿಬಾಗಿಲಿಗೆ ಹೋದರು. ಮಾವ ಹಾರ್ನ್ ಹೊಡೆಯಲಿಲ್ಲ. ಚಿಲಕ ತೆಗೆದ ಸದ್ದಾಯಿತು. ಅದಾದ ಮೇಲೆ ಮಾವ ಇಂಜಿನ್ ಆರಿಸಿದರು.

ಚೊಂಬಿನ ನೀರು ನಿಂತಿತು.