‘ಸಬೂರ್’ ಗಸ್ತುದೋಣಿಯ ಅಂಗಳಕ್ಕೆ ನೆಲಹಾಸು ನಿಗದಿಪಡಿಸುವ ಕುರಿತು

ಪರಮ ದಯಾಳುವಿನ ಹೆಸರಿನಲ್ಲಿ

ಅಲ್-ಹುವೈರಾ ಬಂದರು, ಗಸ್ತು ಶಾಖೆ
ಸಂಖ್ಯೆ: ಗಶಾ/ನೆಲ/೭/ಮೂರನೆಯ ತಿದ್ದುಪಡಿ
ದಿನಾಂಕ: ರಬೀಉಲ್ ಆಖಿರ್ ೯, ಅಂಜಲ್ ಮೀನಿನ ಹಂಗಾಮು ತೆರೆಯುವ ದಿನ

ಸುತ್ತೋಲೆ

ವಿಷಯ: ‘ಸಬೂರ್’ ಮೋಟಾರು ದೋಣಿಯಲ್ಲಿ ನಾಖುದಾ ನಿಂತು ಚುಕ್ಕಾಣಿ ಹಿಡಿಯುವ ತಗ್ಗುಜಾಗಕ್ಕೆ (ಇನ್ನು ಮುಂದೆ ‘ಅಂಗಳ’) ಜಾರದ ನೆಲಹಾಸು ಆಯ್ಕೆ ಮಾಡುವ ಬಗ್ಗೆ.

ಉಲ್ಲೇಖ:
(೧) ನಾಖುದಾ ಖಲ್ಫಾನ್ ಬಿನ್ ಸುವೈದ್ (ರೂಢಿಯಲ್ಲಿ ‘ಅಬೂ ಹಮದ್’) ಅವರ ಅರ್ಜಿ, ಒಂದು ಸಾಲು.
(೨) ಸದರಿ ಅರ್ಜಿಯ ಮೇಲಿನ ಟಿಪ್ಪಣಿ, ನಲವತ್ತೊಂದು ಪುಟ.
(೩) ಸದರಿ ನಾಖುದಾರನ್ನು ದಡದ ಕೆಲಸಕ್ಕೆ ನಿಯೋಜಿಸಿದ ಆದೇಶ.
(೪) ನೆಲಹಾಸು ಸಮಿತಿಯ ನಡಾವಳಿ (ಎರಡನೆಯ ಪುಟವು ಕಾಫಿ ಚೆಲ್ಲಿದ ಕಾರಣ ಓದಲು ಬರುವುದಿಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಮಸ್ತ ದೋಣಿ ಸಿಬ್ಬಂದಿಯ ಗಮನಕ್ಕೆ ತರುವುದೇನೆಂದರೆ, ‘ಸಬೂರ್’ನ ಅಂಗಳದ ಫೈಬರ್ ನೆಲವು ಒದ್ದೆಯಾದಾಗ ಜಾರುತ್ತದೆ. ಅದು ಒದ್ದೆಯಾಗಿರದ ಸಮಯವನ್ನು ಹಳೆಯ ಕಡತಗಳಲ್ಲಿ ಹುಡುಕಲಾಗಿದ್ದು, ದೊರೆತಿರುವುದಿಲ್ಲ. ಮೂವತ್ತಮೂರು ವರ್ಷಗಳಿಂದ ಚುಕ್ಕಾಣಿ ಹಿಡಿದಿರುವ ಸದರಿ ನಾಖುದಾರು ಈ ವರ್ಷದಲ್ಲಿ ಎರಡು ಬಾರಿ ಜಾರಿಬಿದ್ದು ಬಲ ಮೊಣಕಾಲನ್ನು ನೋಯಿಸಿಕೊಂಡಿರುತ್ತಾರೆ. ಹಂಗಾಮು ತೆರೆಯುವುದರೊಳಗೆ ನೆಲದ ವಿಷಯ ಇತ್ಯರ್ಥವಾಗದೆಂದು ಮುಂಚಿತವಾಗಿಯೇ ಭಾವಿಸಿ, ಆ ದಿನದಿಂದ ಅವರನ್ನು ದಡದ ಕೆಲಸಕ್ಕೆ ಹಾಕುವುದೆಂದು ಉಲ್ಲೇಖ (೩)ರಲ್ಲಿ ಆದೇಶಿಸಲಾಗಿತ್ತು. ದಡದ ಕೆಲಸವೆಂದರೆ ರೂಢಿಯಲ್ಲಿ ಐಸ್ ಉಗ್ರಾಣದ ಬಾಗಿಲು ಕಾಯುವುದು. ಆ ಬಾಗಿಲಿನಿಂದ ಸಮುದ್ರ ಕಾಣುವುದಿಲ್ಲವೆಂದು ನಾಖುದಾರು ಮೂರು ಸಲ ಲಿಖಿತವಾಗಿ ತಿಳಿಸಿರುತ್ತಾರೆ. ಆದರೆ ಹೊರಬಿದ್ದ ಆದೇಶವನ್ನು ಹಿಂಪಡೆಯುವ ಪದ್ಧತಿ ಈ ಶಾಖೆಯಲ್ಲಿ ಇರುವುದಿಲ್ಲ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಪದದ ಬಗ್ಗೆ. ವಸ್ತುವನ್ನು ತರಿಸುವ ಮುನ್ನ ಪದದ ಅರ್ಥವನ್ನು ನಿರ್ಣಯಿಸತಕ್ಕದ್ದು. ಅರ್ಜಿಯಲ್ಲಿ ‘ಕಾಲಡಿಗೆ ಒಂದು ಝೂಲಿಯಾ ಬೇಕು’ ಎಂದಷ್ಟೇ ಬರೆಯಲಾಗಿತ್ತು. ಉಗ್ರಾಣಾಧಿಕಾರಿ ಝಾಹಿರ್ ಬಿನ್ ನಾಸಿರ್ ಅವರು ಝೂಲಿಯಾ ಎಂದರೆ ಕಂಬಳಿಯೆಂದೇ ಓದಿ, ಅತಿಥಿಗಳಿಗೆ ಹಾಸುವ ಕೆಂಪು ರತ್ನಗಂಬಳಿಯನ್ನು ತಂದು ಅಂಗಳದಲ್ಲಿ ಹಾಸಿದರು. ಆಗ ನಡೆದ ಮಾತನ್ನು, ಶಾಖೆಯ ಭಾಷೆಗೆ ತಿದ್ದದೆ, ಆಡಿದಂತೆಯೇ ದಾಖಲಿಸಲಾಗಿದೆ.

ನಾಖುದಾ: “ಝಾಹಿರ್, ನಾನು ಕೇಳಿದ್ದು ಜಾರದೇ ಇರೋ ಏನೋ ಒಂದು ಕಣಪ್ಪ. ನಮ್ಮನೇಲಿ ರಬ್ಬರಿಗೂ ಝೂಲಿಯಾ ಅಂತೀವಿ, ಹರಿದ ಗೋಣಿಗೂ ಝೂಲಿಯಾ ಅಂತೀವಿ. ನೀನು ಮದುವೆ ಚಪ್ಪರದ್ದು ತಂದು ಹಾಸಿದ್ದೀಯಲ್ಲೋ!”

ಉಗ್ರಾಣಾಧಿಕಾರಿ: “ಅಬೂ ಹಮದ್, ನೀವು ಬರೆದದ್ದನ್ನ ನಾನು ತಂದೆ. ಮನಸ್ಸಲ್ಲಿರೋದನ್ನ ತರೋಕೆ ಬೇರೆ ಫಾರಂ ಇದೆ.”

ಈ ಕುರಿತು ಬಸ್ರಾ ಮತ್ತು ಕೂಫಾದ ಪ್ರಾಚೀನ ವೈಯಾಕರಣರ ಗ್ರಂಥಗಳನ್ನು ಪರಿಶೀಲಿಸಲಾಯಿತು. ಮೋಟಾರು ದೋಣಿಯ ನೆಲದ ಬಗ್ಗೆ ಅವರು ಏನನ್ನೂ ಹೇಳಿಲ್ಲವೆಂದು ಖಚಿತಪಡಿಸಿಕೊಳ್ಳಲು ಹನ್ನೊಂದು ದಿನಗಳು ಹಿಡಿದವು.

೨. ರತ್ನಗಂಬಳಿ ಹಾಸಿದ್ದಲ್ಲಿ ಪಾಲಿಸತಕ್ಕ ನಿಯಮಗಳು. ಕಂಬಳಿಯ ಮೇಲೆ ಪಾದರಕ್ಷೆ ಧರಿಸತಕ್ಕದ್ದಲ್ಲ. ಪಾದರಕ್ಷೆ ಕಳಚಿದವನು ಅತಿಥಿ. ಅತಿಥಿಗೆ ಮೊದಲು ಖರ್ಜೂರ, ಅನಂತರ ಕಾಫಿ. ಮೂರನೆಯ ಬಟ್ಟಲಿಗೆ ಮುಂಚೆ ಬಂದ ಕಾರಣವನ್ನು ಕೇಳುವುದು ಅಸಭ್ಯ. ಆದ್ದರಿಂದ ಮುಳುಗುವ ದೋಣಿಯಿಂದ ಮೇಲೆತ್ತಲ್ಪಟ್ಟವರು ಅಂಗಳಕ್ಕೆ ಇಳಿಯುವ ಮುನ್ನ ಪಾದರಕ್ಷೆಗಳನ್ನು ಕಳಚತಕ್ಕದ್ದು. ನೀರಿನಲ್ಲಿ ಕಳೆದುಕೊಂಡವರು ಕಳಚಿದ್ದಾರೆಂದೇ ಭಾವಿಸಲಾಗುವುದು. ದೋಣಿ ಏಕೆ ಮುಳುಗಿತೆಂದು ಅವರನ್ನು ಮೂರನೆಯ ಬಟ್ಟಲು ಮುಗಿಯುವವರೆಗೆ ವಿಚಾರಿಸತಕ್ಕದ್ದಲ್ಲ.

೩. ಇತರ ಮಾದರಿಗಳ ಪರೀಕ್ಷೆ. ಶೇಖ್ ಮುಹನ್ನಾ ಅವರ ಅಧ್ಯಕ್ಷತೆಯಲ್ಲಿ ಐವರ ಸಮಿತಿಯನ್ನು ರಚಿಸಲಾಯಿತು. ಉಗ್ರಾಣಾಧಿಕಾರಿಯವರು ಅದರ ಕಾರ್ಯದರ್ಶಿ.

(ಅ) ಕಪ್ಪು ಸ್ಪಂಜಿನ ಹಾಳೆ: ಮಧ್ಯಾಹ್ನದ ಬಿಸಿಲಿನಲ್ಲಿ ಅಧ್ಯಕ್ಷರು ಇದರ ಮೇಲೆ ಬರಿಗಾಲಿನಲ್ಲಿ ನಿಂತರು. “ಅಯ್ಯಯ್ಯೋ, ಒಲೆ! ಮುಂದಿನದು ತೋರ್ಸಿ, ಮುಂದಿನದು!” ಎಂದು ಅವರು ಅಪ್ಪಣೆ ಕೊಡಿಸಿದ್ದು, ಇದು ಶಾಖೆಯ ಇತಿಹಾಸದಲ್ಲಿಯೇ ಅತಿ ಶೀಘ್ರವಾಗಿ ಕೈಗೊಂಡ ತೀರ್ಮಾನವಾಗಿರುತ್ತದೆ.

(ಆ) ತೂತುಗಳುಳ್ಳ ರಬ್ಬರ್ ಚಾಪೆ: ಜಾರುವುದಿಲ್ಲ. ಆದರೆ ತೂತಿಗೊಂದರಂತೆ ಮೀನಿನ ಹುರುಪೆ ಸೇರಿಕೊಳ್ಳುತ್ತದೆ. ತುಣುಕನ್ನು ಕಡತಕ್ಕೆ ಲಗತ್ತಿಸಲಾಗಿದೆ. ಕಡತವನ್ನು ಓದುವಾಗ ಕಿಟಕಿಗಳು ತೆರೆದಿರತಕ್ಕದ್ದು.

(ಇ) ಸಾಗುವಾನಿ ಹಲಗೆ: ಸದಸ್ಯರು ಒಬ್ಬೊಬ್ಬರಾಗಿ ಸವರಿ ನೋಡಿದರು. ಎಲ್ಲರಿಗೂ ಅವರವರ ಅಜ್ಜನ ಹಡಗು ನೆನಪಾದ ಕಾರಣ ಸಭೆಯನ್ನು ಮುಂದೂಡಲಾಯಿತು.

೪. ಕಂಬಳಿಯ ಪ್ರಾಯೋಗಿಕ ಪರೀಕ್ಷೆ ಹಾಗೂ ತತ್ಸಂಬಂಧಿ ಘಟನೆ. ಕಳೆದ ವಾರ ಬೆಳಗಿನ ಹತ್ತು ಗಂಟೆಗೆ ಸಮಿತಿಯು ಬಂದರಿನ ಕಟ್ಟೆಯ ಮೇಲೆ ಐದು ಜೊತೆ ಚಪ್ಪಲಿಗಳನ್ನು ಬಿಟ್ಟು, ದೋಣಿಗಿಳಿದು, ಕಂಬಳಿಯ ಮೇಲೆ ಆಸೀನವಾಯಿತು. ಸದರಿ ನಾಖುದಾರೂ ಬರಿಗಾಲಿನಲ್ಲಿ ದೋಣಿಯಲ್ಲಿದ್ದರು. ಅಡ್ಡ ಬಂದು ಕಂಬಳಿಯ ಅಂಚನ್ನು ಮಡಿಚುತ್ತದೆಂಬ ಕಾರಣಕ್ಕೆ ಉಗ್ರಾಣಾಧಿಕಾರಿಯವರು ದೋಣಿ ಕಟ್ಟಿದ್ದ ಹಗ್ಗವನ್ನು ಬಿಚ್ಚಿದ್ದರು. ಕಾಫಿ ಬಂದಿತು. ಸಾಕೆನಿಸಿದವರು ಬಟ್ಟಲನ್ನು ಅಲ್ಲಾಡಿಸಿ ಹಿಂದಿರುಗಿಸತಕ್ಕದ್ದು. ಅಲ್ಲಾಡಿಸದಿದ್ದರೆ ಮತ್ತೆ ಸುರಿಯತಕ್ಕದ್ದು. ಅಧ್ಯಕ್ಷರಿಗಿಂತ ಮೊದಲು ಅಲ್ಲಾಡಿಸುವುದು ಸದಸ್ಯರಿಗೆ ಶೋಭೆಯಲ್ಲ. ಸದಸ್ಯರಿಗಿಂತ ಮೊದಲು ಅಲ್ಲಾಡಿಸುವುದು ಆತಿಥೇಯರಾದ ಅಧ್ಯಕ್ಷರಿಗೆ ಶೋಭೆಯಲ್ಲ. ಇಳಿತದ ನೀರು ಮಾತ್ರ ಯಾರಿಗೂ ಕಾಯಲಿಲ್ಲ.

ನಾಖುದಾ: “ಶೇಖ್, ನಾವು ತೇಲ್ತಾ ಇದ್ದೀವಿ.”

ಅಧ್ಯಕ್ಷರು: “ಕೂತ್ಕೊಳ್ಳಿ ಅಬೂ ಹಮದ್. ಇನ್ನೂ ಎರಡನೇ ಬಟ್ಟಲು. ಕೆಲಸದ ಮಾತು ಆಮೇಲೆ.”

ಮೀನು ಮಾರುವ ಶಮ್ಸಾ ಎಂಬುವರು ಆ ಹೊತ್ತಿಗೆ ಕಟ್ಟೆಗೆ ಬಂದು, ದೋಣಿಯಿಲ್ಲದಿರುವುದನ್ನೂ ಚಪ್ಪಲಿಗಳಿರುವುದನ್ನೂ ಕಂಡು, “ಅಯ್ಯೋ ದೇವ್ರೇ, ಇಡೀ ಸಮಿತಿ ಮುಳುಗ್ಹೋಯ್ತು! ಪಾಪ, ಚಪ್ಪಲಿ ಎಷ್ಟು ನೀಟಾಗಿ ಜೋಡಿಸಿಟ್ಟು ಹೋಗಿದ್ದಾರೆ ನೋಡ್ರೇ!” ಎಂದು ಕೂಗಿದ್ದರಿಂದ ಪೇಟೆಯ ಅಂಗಡಿಗಳನ್ನು ಮುಚ್ಚಲಾಯಿತು.

ಹದಿನಾಲ್ಕನೆಯ ಬಟ್ಟಲಿನ ವೇಳೆಗೆ ದೋಣಿಯು ಬಂದರಿನ ಬಾಯಲ್ಲಿರುವ ಬಂಡೆಯಿಂದ ಹತ್ತು ಮಾರು ದೂರದಲ್ಲಿತ್ತು. ಆಗ ಸದರಿ ನಾಖುದಾರು ಅಧ್ಯಕ್ಷರ ಕೈಯಲ್ಲಿದ್ದ ಬಟ್ಟಲನ್ನು ಕಿತ್ತುಕೊಂಡು, ತಾವೇ ಅಲ್ಲಾಡಿಸಿದರು. ಸಭೆಯು ವಿಧಿವತ್ತಾಗಿ ಮುಕ್ತಾಯಗೊಂಡಿತು. ಅವರು ಕಂಬಳಿಯ ಅಂಚನ್ನು ಕಾಲಿನಿಂದ ಸರಿಸಿ, ಚುಕ್ಕಾಣಿಯ ಮುಂದೆ ನಿಂತು, ಎಂಜಿನ್ ಚಾಲೂ ಮಾಡಿ ದೋಣಿಯನ್ನು ಒಮ್ಮೆಗೇ ತಿರುಗಿಸಿದರು. ಕಂಬಳಿಯು ಐವರು ಸದಸ್ಯರು, ಖರ್ಜೂರದ ತಟ್ಟೆ ಹಾಗೂ ಕಾಫಿಯ ಹೂಜಿ ಸಮೇತ ದೋಣಿಯ ಹಿಂಬದಿಗೆ ಜಾರಿತು. ನಾಖುದಾರು ಜಾರಲಿಲ್ಲ.

೫. ಜಾರದಿರುವಿಕೆಯ ವಿಚಾರಣೆ. ಅನುಮತಿಯಿಲ್ಲದೆ ಜಾರದಿದ್ದುದಕ್ಕೆ ಕಾರಣ ಕೇಳಲಾಯಿತು. ಚುಕ್ಕಾಣಿಯ ಮುಂದಿನ ಎರಡು ಮೊಳ ಜಾಗವನ್ನು ಪರಿಶೀಲಿಸಲಾಗಿ, ಅದು ಉಪ್ಪುಕಾಗದದಂತೆ ಒರಟಾಗಿತ್ತು.

ನಾಖುದಾ: “ಬಣ್ಣಕ್ಕೆ ಜರಡಿ ಹಿಡಿದ ಮರಳು ಕಲಸಿ ಬಳಿದೆ, ಶೇಖ್. ನಮ್ಮಪ್ಪನೂ ಹೀಗೇ ಮಾಡ್ತಿದ್ರು.”

ಅಧ್ಯಕ್ಷರು: “ಮತ್ತೆ ಇಷ್ಟು ದಿನ ಬಾಯಿ ಬಿಡಲಿಲ್ಲ ಯಾಕ್ರೀ?”

ನಾಖುದಾ: “ನೀವು ಕೇಳ್ತಿದ್ದದ್ದು ಏನು ಹಾಸೋಣ ಅಂತ. ಇದು ಹಾಸೋದಲ್ಲ, ಬಳಿಯೋದು. ಸಾಹೇಬ್ರೇ, ನನಗೆ ಝೂಲಿಯಾನೂ ಬೇಡ, ಏನೂ ಬೇಡ. ಆ ಉಗ್ರಾಣದ ಬಾಗಿಲಿಗೆ ಮಾತ್ರ ಕಳಿಸಬೇಡಿ.”

ಈ ಕೊನೆಯ ವಾಕ್ಯವು ವಿಷಯಕ್ಕೆ ಹೊರತಾದುದೆಂದು ತೆಗೆದುಹಾಕಲು ಪ್ರಸ್ತಾಪಿಸಲಾಯಿತು. ಅಧ್ಯಕ್ಷರು ಇರಲಿ ಎಂದರು.

೬. ನಿರ್ಣಯ. ಮರಳನ್ನು ಸುತ್ತಿಡಲಾಗದು, ಕೊಡವಲಾಗದು, ಸೋದರಸೊಸೆಯ ಮದುವೆಗೆಂದು ಎರವಲು ಕೇಳಲಾಗದು. ಆದ್ದರಿಂದ ಅದು ಹಾಸಲ್ಲ, ನೆಲವೇ ಸರಿ. ಇಡೀ ಅಂಗಳಕ್ಕೆ ಮರಳುಬಣ್ಣ ಬಳಿಯಲು ಈ ಮೂಲಕ ಮಂಜೂರಾತಿ ನೀಡಲಾಗಿದ್ದು, ನಿನ್ನೆ ಬಳಿದು ಒಣಗಿಸಲಾಗಿದೆ. ಇದರ ಮೇಲೆ ಪಾದರಕ್ಷೆ ಧರಿಸಬಹುದು, ಕಾಫಿ ಕಡ್ಡಾಯವಲ್ಲ. ನಮಾಜಿಗೆ ಮುನ್ನ, ನೀರಿಲ್ಲದೆಡೆ ಮರಳಿನಿಂದ ಮಾಡಿಕೊಳ್ಳುವ ಶುದ್ಧಿಯನ್ನು ಇಲ್ಲಿ ಮಾಡಿಕೊಳ್ಳತಕ್ಕದ್ದಲ್ಲ. ಸುತ್ತಲೂ ನೀರಿರುವುದನ್ನು ಗಮನಿಸತಕ್ಕದ್ದು. ಅಂಗಳದಲ್ಲಿ ಏಡಿಯ ಬಿಲ ತೋಡುವುದನ್ನು, ಡೇರೆಯ ಗೂಟ ಹೊಡೆಯುವುದನ್ನು ಹಾಗೂ ಒಂಟೆ ಕಟ್ಟುವುದನ್ನು ನಿಷೇಧಿಸಲಾಗಿದೆ.

೭. ಉಲ್ಲೇಖ (೩)ರ ಆದೇಶದ ಪಾಲನೆ. ಸದರಿ ಆದೇಶವನ್ನು ಹಿಂಪಡೆದಿರುವುದಿಲ್ಲ. ಅದರ ಒಂದಕ್ಷರವನ್ನೂ ಬದಲಿಸಿರುವುದಿಲ್ಲ. ಅದರಲ್ಲಿರುವ ‘ದಡ’ ಎಂಬ ಪದವನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳಲಾಯಿತು. ಸಮುದ್ರಕ್ಕೆ ತಾಗಿಕೊಂಡಿರುವ ಮರಳುನೆಲವೇ ದಡ. ಲೋಕದ ದಡಗಳಿಗೆ ಒಂದೇ ಪಕ್ಕದಲ್ಲಿ ಸಮುದ್ರವಿದ್ದರೆ, ‘ಸಬೂರ್’ನ ಅಂಗಳಕ್ಕೆ ನಾಲ್ಕೂ ಪಕ್ಕಗಳಲ್ಲಿರುತ್ತದೆ, ಆದ್ದರಿಂದ ಅದು ದಡಗಳಲ್ಲಿ ಪರಿಪೂರ್ಣವಾದುದು. ಅಂತೆಯೇ ನಾಖುದಾ ಖಲ್ಫಾನ್ ಬಿನ್ ಸುವೈದ್ ಅವರು ಇಂದಿನಿಂದ ಸದರಿ ದಡದಲ್ಲಿ, ಚುಕ್ಕಾಣಿಯ ಮುಂದೆ, ದಡದ ಕೆಲಸಕ್ಕೆ ಹಾಜರಾಗತಕ್ಕದ್ದು. ಯಾವುದೇ ಕಾರಣಕ್ಕೂ ಅವರು ಈ ದಡವನ್ನು ಬಿಟ್ಟು ಉಗ್ರಾಣದ ಕಡೆ ಸುಳಿಯತಕ್ಕದ್ದಲ್ಲ.

ತಿಳಿಯುವವನು ಸರ್ವಜ್ಞನೊಬ್ಬನೇ, ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯಲಾಗಿದೆ.

(ಸಹಿ)
ಹಿಮ್ಯರ್ ಬಿನ್ ಸೈಫ್
ಮುಖ್ಯ ಬರಹಗಾರರು ಹಾಗೂ ಪದನಿರ್ಣಯಾಧಿಕಾರಿ
ಗಸ್ತು ಶಾಖೆ

ಪ್ರತಿಗಳು:
೧. ಶೇಖ್ ಮುಹನ್ನಾ, ಸಮಿತಿಯ ಅಧ್ಯಕ್ಷರು. ಅವರ ಬಟ್ಟಲನ್ನು ಇದರೊಂದಿಗೆ ಹಿಂದಿರುಗಿಸಲಾಗಿದೆ.
೨. ಉಗ್ರಾಣಾಧಿಕಾರಿ ಝಾಹಿರ್ ಬಿನ್ ನಾಸಿರ್. ಹಗ್ಗವನ್ನು ಕಟ್ಟಿ ವರದಿ ಸಲ್ಲಿಸುವುದು.
೩. ಶ್ರೀಮತಿ ಶಮ್ಸಾ, ಮೀನುಪೇಟೆ. ಸಮಿತಿಯು ಬದುಕಿರುತ್ತದೆ, ನೆನಪಿಗೆಂದು ಇಟ್ಟುಕೊಂಡಿರುವ ಚಪ್ಪಲಿಗಳನ್ನು ಕೊಡುವಂತೆ ಕೋರಿಕೆ.
೪. ಐಸ್ ಉಗ್ರಾಣದ ಬಾಗಿಲು. ಮುಂದಿನ ಆದೇಶದವರೆಗೆ ತನ್ನನ್ನು ತಾನೇ ಕಾಯತಕ್ಕದ್ದು.
೫. ನಾಖುದಾ ಖಲ್ಫಾನ್ ಬಿನ್ ಸುವೈದ್, ದಡ. (ಸದರಿ ದಡವು ಮುಂಜಾನೆಯೇ ಹೊರಟು ಈಗ ಬಂದರಿನಿಂದ ಆರು ಮೈಲಿ ದೂರದಲ್ಲಿರುವುದರಿಂದ, ಹಿಂದಿರುಗಿದ ಮೇಲೆ ತಲುಪಿಸುವುದು.)