ನಾಲ್ಕು ಗಡ್ಡದವರ ಎಲ್‌ಪಿ

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ. ನನ್ನ ಜಾತಕದಲ್ಲಿ ಒಂದು ಎಲ್‌ಪಿ ಇದೆ. ಹಾಕಿದಾಗಲೆಲ್ಲ ಏನಾದರೊಂದು ಅವಾಂತರ. ಊರೆಲ್ಲ ಎಂಪಿತ್ರೀ ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ನಾವಿರುವ ಸ್ವೀಡನ್ನಿನ ಲಿಂಕೋಪಿಂಗ್ ಊರಿನ ಹಳೇ ಸಾಮಾನಿನ ಸಂತೆಯಿಂದ ಒಂದು ರೆಕಾರ್ಡ್ ಪ್ಲೇಯರನ್ನೂ ಎಪ್ಪತ್ತರ ದಶಕದ ಯಾವುದೋ ಸ್ವೀಡಿಷ್ ಸಾಫ್ಟ್ ರಾಕ್ ತಂಡದ ಈ ಎಲ್‌ಪಿಯನ್ನೂ ಹೊತ್ತು ತಂದೆ. ಭಾಷೆ ಒಂದಕ್ಷರ ಬಾರದು. ಸಂಗೀತಕ್ಕೆ ಭಾಷೆ ಯಾಕೆ ಅಂತ ಧೈರ್ಯ.

೧. ಅವಸರದ ಹುಡುಗಿ

"ಪಾಪ, ಈ ಹುಡುಗಿ ಬಸ್ ತಪ್ಪಿಹೋಗುತ್ತೇನೋ ಅನ್ನೋ ಹಾಗೆ ಹಾಡ್ತಾಳಲ್ರೀ," ಅನ್ನುತ್ತಿದ್ದಳು ಹೆಂಡತಿ. ವಾರ ಕಳೆದ ಮೇಲೆ ಬಾಗಿಲು ಬಡಿದ ಸದ್ದು. ಪಕ್ಕದ ಮನೆಯ ತಾತ! ಎರಡು ವರ್ಷದಲ್ಲಿ "ಹೇಯ್" ಅನ್ನೋ ಸ್ವೀಡಿಷ್ ನಮಸ್ಕಾರ ಬಿಟ್ಟು ಬೇರೆ ಮಾತಾಡಿದವರಲ್ಲ. ಬೈಯೋಕೆ ಬಂದರು ಅಂತ "ಸಾರಿ, ಸಾರಿ" ಅಂದೆ. ತಾತ ಶೂ ಬಿಚ್ಚಿ ಒಳಗೆ ಬಂದು, ಪ್ಲೇಯರಿನ ಸ್ಪೀಡ್ ಗುಂಡಿಯನ್ನು ನಲವತ್ತೈದರಿಂದ ಮೂವತ್ತಮೂರಕ್ಕೆ ತಿರುಗಿಸಿ, ಶೂ ಹಾಕಿಕೊಂಡು ಹೊರಟೇಹೋದರು. ಪೆಟ್ಟಿಗೆಯಿಂದ ದಪ್ಪ ಗಂಡುದನಿ ಹೊರಟಿತು.

ಹೆಂಡತಿ ಅಡುಗೆಮನೆಯಿಂದ ಓಡಿಬಂದಳು: "ಅಯ್ಯೋ, ಹುಡುಗಿಗೆ ಏನಾಯ್ತ್ರೀ?"

೨. ದೇವರ ಗೂಡಿನಲ್ಲಿ

ಬೇಸಿಗೆಗೆ ಮೈಸೂರಿನಿಂದ ಅತ್ತೆ ಬಂದರು. ಎಲ್‌ಪಿಯ ಕವರಿನ ಮೇಲೆ ನಾಲ್ಕು ಜನ: ಎದೆ ಮುಟ್ಟುವ ಗಡ್ಡ, ಬಿಳಿ ಜುಬ್ಬ, ಮರದ ಕೆಳಗೆ ಚಕ್ಕಂಬಕ್ಕಳ. ಮಾರನೇ ಬೆಳಿಗ್ಗೆ ನೋಡಿದರೆ ಕವರು ದೇವರ ಗೂಡಿನಲ್ಲಿ, ನಾಲ್ವರ ಹಣೆಗೂ ಕುಂಕುಮ.

"ಅತ್ತೆ, ಇವರು ಸ್ವಾಮಿಗಳಲ್ಲ, ಹಾಡೋರು."

"ನಮ್ಮ ದಾಸರೂ ಹಾಡ್ತಿರಲಿಲ್ವಾ?"

"ಇವರು ಗಿಟಾರ್ ಬಾರಿಸ್ಕೊಂಡು ಹಾಡೋರು!"

"ಈ ಚಳಿ ದೇಶದಲ್ಲಿ ತಂಬೂರಿ ಎಲ್ಲಿ ಸಿಗಬೇಕು, ಪಾಪ!"

೩. ಹೆಂಡತಿಗೊಂದು ಹಾಡು

ನಮ್ಮ ಮದುವೆಯ ಹತ್ತನೇ ವರ್ಷ. ಅಪಾರ್ಟ್‌ಮೆಂಟಿನ ಹಾಲ್ ಬುಕ್ ಮಾಡಿ ಕನ್ನಡದ ಗೆಳೆಯರನ್ನೂ ಆಫೀಸಿನ ಸ್ವೀಡಿಷ್ ಮಂದಿಯನ್ನೂ ಕರೆದಿದ್ದೆ. ಬಿಸಿಬೇಳೆಬಾತ್ ನಡೆಯುತ್ತಿದ್ದಾಗ ಮೈಕ್ ಹಿಡಿದು, "ಈ ಹಾಡು ನನ್ನ ಹೆಂಡತಿಗೆ. ಇದರ ಒಂದೊಂದು ಮಾತೂ ನನ್ನ ಮನಸ್ಸಿನದೇ" ಅಂತ ಇಂಗ್ಲಿಷಿನಲ್ಲಿ ಘೋಷಿಸಿ, ಎಲ್‌ಪಿಯಲ್ಲೇ ಅತಿ ಇಂಪಾದ ಹಾಡು ಹಾಕಿದೆ. ನಮ್ಮವರು ಸೀಟಿ ಹೊಡೆದರು. ಸ್ವೀಡಿಷರ ಚಮಚ ಗಾಳಿಯಲ್ಲೇ ನಿಂತಿತು. ಒಬ್ಬಾಕೆ ಕಣ್ಣೊರೆಸಿಕೊಂಡರು. ನಾನು ಉಬ್ಬಿಹೋದೆ.

ಹಾಡು ಮುಗಿಯಿತು. ಬಾಸ್ ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ಇರೋಕೆ ಬೇರೆ ಮನೆ ಸಿಕ್ತಾ?"

"ನಾವು ಮನೆ ಬದಲಾಯಿಸ್ತಿಲ್ವಲ್ಲ?"

"ಮತ್ತೆ ಹಾಡಲ್ಲಿ ಹೇಳಿದ್ರಲ್ಲ... 'ನಿನ್ನ ಜೊತೆ ಬಾಳಿ ಸಾಕಾಯ್ತು, ಬೀಗದ ಕೈ ಮೇಜಿನ ಮೇಲಿದೆ, ಹೊರಟೆ' ಅಂತ."

ತಿರುಗಿ ನೋಡಿದರೆ ಹಿಂದೆಯೇ ಹೆಂಡತಿ, ಸೊಂಟದ ಮೇಲೆ ಕೈ.

"ಹೊರಡೋರು ಧಾರಾಳವಾಗಿ ಹೊರಡಿ," ಅಂದಳು. "ಆ ಬಿಸಿಬೇಳೆಬಾತಿನ ಪಾತ್ರೆ ತೊಳೆದಿಟ್ಟು ಹೊರಡಿ."